ಐದನೇ ಮೀನಿನ ಲೆಕ್ಕ

ಗಾಳ ಹಾಕಲು ಕೆರೆಗೆ ಹೋದ ದಿನಗಳನ್ನೆಲ್ಲ ಬರೆದಿಡುವ ಒಂದು ನೋಟ್‌ಬುಕ್ ನನ್ನ ಹತ್ತಿರ ಇದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ನೀರು ಕಲಕಿತ್ತಾ ತಿಳಿಯಾಗಿತ್ತಾ, ಎಷ್ಟು ಹೊತ್ತಿಗೆ ಬೆಂಡು ಮುಳುಗಿತು, ಇಷ್ಟೇ. ಯಾರಿಗೂ ತೋರಿಸುವಂಥದ್ದಲ್ಲ. ಮಣ್ಣುಗೈಯ ಗುರುತು, ಎರೆಹುಳುವಿನ ಲೋಳೆ ಒಣಗಿದ ಕಲೆ, ನೀರು ಬಿದ್ದು ಹರಡಿದ ಶಾಯಿ. ಬಹಳಷ್ಟು ಪುಟಗಳಲ್ಲಿ ಒಂದೇ ಮಾತು: 'ಏನೂ ಇಲ್ಲ'. ಕೆಲವು ಕಡೆ 'ಗೆಂಡೆ 1', ಅಪರೂಪಕ್ಕೆ 'ಗೆಂಡೆ 2'. ಒಂದು ಪುಟದಲ್ಲಿ ಮಾತ್ರ '5' ಅಂತಿದೆ. ಅದರ ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ. ಆ ಚಿಹ್ನೆಯನ್ನು ಆಮೇಲೆ, ಬೇರೆ ಪೆನ್ನಿನಲ್ಲಿ ಹಾಕಿದ್ದೇನೆ. ಅದನ್ನು ಅಳಿಸಬೇಕೋ, ಇಲ್ಲಾ ಐದನ್ನೇ ಹೊಡೆದು ನಾಲ್ಕು ಅಂತ ಬರೆಯಬೇಕೋ, ಇವತ್ತಿಗೂ ತೀರ್ಮಾನ ಆಗಿಲ್ಲ.

ನಾನು ಗೆಂಡೆ ಹಿಡಿಯುವವನು. ಗಾಳ ಹಾಕುವವರಲ್ಲಿ ಎರಡು ಜಾತಿ ಇದೆ. ಸಿಕ್ಕಿದ್ದಕ್ಕೆಲ್ಲ ಖುಷಿಪಡುವವರು ಒಂದು. ಒಂದೇ ಮೀನಿಗೆ ಕಟ್ಟಿಕೊಂಡವರು ಇನ್ನೊಂದು. ನಾನು ಎರಡನೆಯ ಜಾತಿ. ಎಷ್ಟೋ ವರ್ಷ ಅದೇ ಏರಿಯ ಅದೇ ಕಲ್ಲಿನ ಮೇಲೆ ಕೂತು, ಅದೇ 6ನೇ ನಂಬರಿನ ಗಾಳಕ್ಕೆ ಹಿಟ್ಟಿನ ಉಂಡೆ ಸಿಕ್ಕಿಸಿ, ಅದೇ ಬೆಂಡನ್ನು ನೋಡಿದ್ದೇನೆ. ಬೆಂಡು ಅಲ್ಲಾಡದ ದಿನ ಎದ್ದು ಪ್ಯಾಂಟು ಕೊಡವಿಕೊಂಡು 'ಇವತ್ತು ಕೆರೇಲಿ ಏನೂ ಇಲ್ಲ' ಅಂದು ಹೊರಟಿದ್ದೇನೆ. ಆ ಮಾತು ಎಷ್ಟು ತಮಾಷೆಯದ್ದು ಅಂತ ನನಗೆ ಹೊಳೆದಿರಲಿಲ್ಲ. ನಗೆಯಾಡಿದವನು ಗೆಳೆಯ. "ಕೆರೇಲಿ ಇಲ್ವೋ, ನಿನ್ನ ಗಾಳಕ್ಕೆ ಇಲ್ವೋ?" ಅಂತ ಕೇಳಿದ. ಆಮೇಲೆ ಅವನೇ ಒಂದು ಆಟ ಹೇಳಿದ. ಒಂದು ದಿನ, ಬೆಳಗಿನಿಂದ ಕತ್ತಲಾಗುವ ತನಕ. ತೂಕ ಬೇಡ, ಎಷ್ಟು ಮೀನು ಅನ್ನೋದೂ ಬೇಡ. ಎಷ್ಟು ಬಗೆ ಅಂತ ಮಾತ್ರ ಲೆಕ್ಕ. ಒಂದೊಂದು ಬಗೆಯದ್ದು ಒಂದು ಸಿಕ್ಕರೆ ಸಾಕು, ಫೋಟೋ ತೆಗೆದು ನೀರಿಗೆ ಬಿಡೋದು. ಗಾಳದ ತುದಿಯ ಹತ್ತಿರ ಹಿಂದಕ್ಕೆ ಚಾಚಿದ ಮುಳ್ಳನ್ನೆಲ್ಲ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಕೊಂಡೆವು. ಮುಳ್ಳಿಲ್ಲದ ಗಾಳ ಸಲೀಸಾಗಿ ಬಿಚ್ಚಿ ಬರುತ್ತದೆ. ಮೀನಿಗೂ ಅನುಕೂಲ, ಸ್ವಂತ ಬೆರಳಿಗೆ ಚುಚ್ಚಿಕೊಂಡವನಿಗೂ ಅನುಕೂಲ.

ಬೆಳಕು ಹರಿಯುವ ಹೊತ್ತು

ಬೆಳಗಿನ ಜಾವ ಮೀನಿಗೆ ಒಳ್ಳೆಯ ಹೊತ್ತು ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಕಳೆ ತುಂಬಿದ ಕೆರೆಯಲ್ಲಿ ಸೂರ್ಯ ಹುಟ್ಟುವ ಮುಂಚಿನ ಹೊತ್ತು ನೀರಿನಲ್ಲಿ ಆಮ್ಲಜನಕ ಅತ್ಯಂತ ಕಡಿಮೆ ಇರುವ ಹೊತ್ತು. ಹಗಲಿಡೀ ಆಮ್ಲಜನಕ ಕೊಡುವ ಪಾಚಿ, ಕಳೆ, ರಾತ್ರಿ ತಾವೇ ಅದನ್ನು ತೆಗೆದುಕೊಳ್ಳುತ್ತವೆ. ಮೀನೂ ಉಸಿರಾಡಬೇಕು, ತಳದ ಕೊಳೆತವೂ ತನ್ನ ಪಾಲು ಎಳೆದುಕೊಳ್ಳುತ್ತದೆ. ಹಾಗಾಗಿ ನಸುಕಿನಲ್ಲಿ ಕೆಲವು ಮೀನು ನೀರಿನ ಮೇಲಕ್ಕೆ ಬಾಯಿ ತಂದು ಪಕಪಕ ಅನ್ನಿಸುತ್ತಾ ಇರುತ್ತವೆ. ಅದನ್ನು ನೋಡಿ 'ಆಹಾ, ಏನು ಹಸಿವು!' ಅಂತ ನಾನು ಎಷ್ಟೋ ಸಲ ಅವಸರದಲ್ಲಿ ಗಾಳ ಎಸೆದಿದ್ದೇನೆ. ಒಂದೂ ಮುಟ್ಟಿಲ್ಲ. ಹಸಿವಲ್ಲ ಅದು, ಉಸಿರು ಕಟ್ಟಿದ್ದು. ಬಿಸಿಲು ಬಿದ್ದು ಒಂದು ಗಂಟೆ ಕಳೆದರೆ ಅದೇ ಮೀನು ಬೇರೆ ಥರ ಆಡುತ್ತದೆ.

ಮೊದಲ ಬಗೆ ಪಕ್ಕೆ. ಬೆರಳುದ್ದದ ಬೆಳ್ಳಿ ಮೀನು, ಬಾಲದ ಹತ್ತಿರ ಒಂದು ಕಪ್ಪು ಚುಕ್ಕೆ. ಅದನ್ನು ನಾನು ಮೀನು ಅಂತ ಎಣಿಸಿದವನೇ ಅಲ್ಲ. ನನ್ನ ಮಟ್ಟಿಗೆ ಅದು ಗೆಂಡೆಗೆ ಅಂತ ಕಟ್ಟಿದ ಉಂಡೆಯನ್ನು ಸುತ್ತಲಿಂದ ಕಚ್ಚಿ ಕರಗಿಸುವ ಕಾಟ. ಬೆಂಡು ಸುಮ್ನೆ ನಡುಗುತ್ತಾ ಇರುತ್ತದೆ, ಮುಳುಗುವುದಿಲ್ಲ. ಎಳೆದು ನೋಡಿದರೆ ಗಾಳ ಬೋಳು. ಗೆಳೆಯ ತನ್ನ ಡಬ್ಬಿಯಿಂದ 18ನೇ ನಂಬರಿನ ಗಾಳ ತೆಗೆದ. ಗಾಳದ ನಂಬರಿನದ್ದೇ ಒಂದು ವಿಚಿತ್ರ ಲೆಕ್ಕ. ನಂಬರ್ ಏರಿದಷ್ಟೂ ಗಾಳ ಸಣ್ಣದು. 1 ದಾಟಿದ ಮೇಲೆ ಲೆಕ್ಕ ತಿರುಗಿ 1/0, 2/0 ಅಂತ ನಂಬರ್ ಜೊತೆ ಗಾಳವೂ ದೊಡ್ಡದಾಗುತ್ತದೆ. ಯಾರು ಮಾಡಿದರೋ ಪುಣ್ಯಾತ್ಮರು! 18 ಅಂದರೆ ಗುಲಗಂಜಿಗಿಂತ ಚಿಕ್ಕದು. ಅದಕ್ಕೆ ಸಾಸಿವೆಯಷ್ಟು ಹಿಟ್ಟು ಮೆತ್ತಿ ಬಿಟ್ಟರೆ ಮೂರೇ ನಿಮಿಷಕ್ಕೆ ಬೆಂಡು ಸೀದಾ ಒಳಗೆ. ಅಂಗೈಯಲ್ಲಿ ಹಿಡಿದು ನೋಡಿದೆ. ಪ್ರತಿ ಹುರುಪೆಗೂ ಪೆನ್ಸಿಲಿನಲ್ಲಿ ಬರೆದ ಹಾಗೆ ಒಂದು ಕಪ್ಪು ಅಂಚು. ಇಷ್ಟು ವರ್ಷ ಬೈದುಕೊಂಡ ಮೀನಿನ ಮುಖವನ್ನು ಅವತ್ತೇ ನೋಡಿದ್ದು ನಾನು.

ಬಿಡುವಾಗ ಒಂದು ತಪ್ಪಾಯಿತು. ಒಣ ಕೈಯಲ್ಲಿ ಹಿಡಿದಿದ್ದೆ. ಮೀನಿನ ಮೈಮೇಲಿನ ಲೋಳೆ ಅದಕ್ಕೆ ರೋಗದಿಂದ ಕಾಪಾಡುವ ಹೊದಿಕೆ, ಒಣ ಕೈಗೆ ಅದು ಅಂಟಿಕೊಂಡು ಬಂದುಬಿಡುತ್ತದೆ. ಹುರುಪೆ ಒಂದೆರಡು ಕಿತ್ತು ಬಂದವು. ನೀರಿಗೆ ಬಿಟ್ಟ ಕೂಡಲೇ ಅಲ್ಲಿದ್ದ ಗುಂಪು ಮಾಯ. ಇದಕ್ಕೊಂದು ಕಾರಣ ಇದೆ. ಜೇನುನೊಣದ ಕುಣಿತದ ಭಾಷೆ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಇದ್ದಾರಲ್ಲ, ಅವರು 1938ರಲ್ಲಿ ಇದನ್ನೂ ಗಮನಿಸಿದ್ದರು. ಸಣ್ಣ ಗೆಂಡೆ ಜಾತಿಯ ಮೀನಿನ ಚರ್ಮಕ್ಕೆ ಗಾಯವಾದರೆ ಅದರಿಂದ ಒಂದು ರಾಸಾಯನಿಕ ನೀರಿಗೆ ಸೇರುತ್ತದೆ, ಅದರ ವಾಸನೆ ಸಿಕ್ಕಿದ ಕೂಡಲೇ ಜೊತೆಯ ಮೀನುಗಳು ಹೆದರಿ ಚದುರುತ್ತವೆ. ಮುಂದಿನ ಇಪ್ಪತ್ತು ನಿಮಿಷ ಬೆಂಡು ನಡುಗಲೂ ಇಲ್ಲ. ಕೆರೆ ಖಾಲಿ ಆಗಿದ್ದಲ್ಲ, ನಾವೇ ಖಾಲಿ ಮಾಡಿಸಿದ್ದು. ಅವತ್ತಿನಿಂದ ಮೀನು ಮುಟ್ಟುವ ಮೊದಲು ಕೈ ನೆನೆಸಿಕೊಳ್ಳುತ್ತೇನೆ.

ಎರಡನೆಯದು ಜಿಲೇಬಿ. ಅದರ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ, ಅದು ಸಿಕ್ಕೇ ಸಿಗುತ್ತದೆ. ಆಫ್ರಿಕಾದಿಂದ ಹೊರಟು ಬೆಚ್ಚಗಿನ ನೀರು ಇರುವ ಕಡೆಯೆಲ್ಲ ನೆಲೆಯೂರಿದ ಮೀನು, ನಮ್ಮ ಗಾಳಕ್ಕೆ ಬರುವುದಿಲ್ಲ ಅನ್ನುತ್ತದಾ? ಒಂದು ಮಾತು ಮಾತ್ರ ಹೇಳಬೇಕು. ದಡದ ಹತ್ತಿರ ಮೊಣಕಾಲುದ್ದದ ನೀರಿನಲ್ಲಿ ತಳದ ಮರಳಿನ ಮೇಲೆ ಸಾಲಾಗಿ ಬಟ್ಟಲಿನಂಥ ಗುಂಡಿಗಳಿದ್ದವು. ಗಂಡು ತೋಡಿದ ಗುಂಡಿ ಅವು. ಹೆಣ್ಣು ಅಲ್ಲಿ ಮೊಟ್ಟೆ ಇಟ್ಟು, ಅದನ್ನು ಬಾಯಿಗೆ ತುಂಬಿಕೊಂಡು ಹೊರಡುತ್ತದೆ. ಮರಿ ಆಗಿ, ಈಜು ಬಂದ ಮೇಲೂ ಕೆಲವು ದಿನ ಬಾಯಿಯೇ ಮನೆ. ಆ ದಿನಗಳಲ್ಲಿ ಅದು ಹೆಚ್ಚುಕಡಿಮೆ ಉಪವಾಸ. ಗಾಳಕ್ಕೆ ಬೀಳುವ ಜಿಲೇಬಿಯಲ್ಲಿ ಬಾಯಿ ತುಂಬಿದ ತಾಯಿ ಇರುವುದು ಅಪರೂಪ ಅಂತ ಗೆಳೆಯ ಹೇಳಿದ. ಆಗ ಅದೊಂದು ಒಳ್ಳೆಯ ಸುದ್ದಿ ಅನ್ನಿಸಿತ್ತು. ಸಂಜೆ ಇದೇ ಮಾತು ಬೇರೆ ಥರ ನೆನಪಾಯಿತು.

ಗೆಂಡೆಯ ಹೆಜ್ಜೆ

ಮೀನಿನ ಹೆಜ್ಜೆ ಕಂಡವರಿಲ್ಲ ಅನ್ನುತ್ತಾರೆ. ಗೆಂಡೆಯದ್ದು ಕಾಣುತ್ತದೆ. ತಳದ ಕೆಸರಿನಲ್ಲಿ ಮೂತಿ ಇಟ್ಟು ತಡಕುತ್ತಾ ಹೋಗುವಾಗ ಕೆಸರಿನೊಳಗಿನ ಗಾಳಿ ಬಿಡುಗಡೆಯಾಗಿ, ಸೂಜಿತಲೆಯಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಮೇಲೆ ಬರುತ್ತವೆ. ಸಾಲು ನಿಧಾನವಾಗಿ ಸರಿಯುತ್ತದೆ. ಒಂದೇ ಜಾಗದಲ್ಲಿ ದೊಡ್ಡ ಗುಳ್ಳೆ ಬಂದರೆ ಅದು ಸುಮ್ನೆ ಕೊಳೆತದ ಗಾಳಿ. ಸಾಲು ನಡೆದರೆ ಗೆಂಡೆ. ಈ ವ್ಯತ್ಯಾಸ ಕಲಿಯಲು ನನಗೆ ಎರಡು ವರ್ಷ ಬೇಕಾಯಿತು. ಇದನ್ನು ಬರೆಯುವಾಗ ಸ್ವಲ್ಪ ಜಂಬ ಬರುತ್ತಿದೆ, ಇರಲಿ.

ಗೆಂಡೆಯ ದವಡೆಯಲ್ಲಿ ಹಲ್ಲಿಲ್ಲ. ಹಲ್ಲು ಇರುವುದು ಗಂಟಲಲ್ಲಿ. ಬಾಯಿಯ ಪಕ್ಕ ಎರಡು ಜೊತೆ ಮೀಸೆ, ಅವುಗಳ ಮೇಲೆ ರುಚಿ ನೋಡುವ ಮೊಗ್ಗು. ಉಂಡೆಯನ್ನು ಅದು ಕಚ್ಚುವುದಿಲ್ಲ. ತುಟಿ ಮುಂದಕ್ಕೆ ಚಾಚಿ ಕೆಸರಿನ ಸಮೇತ ಹೀರುತ್ತದೆ, ಬೇಡದ್ದನ್ನು ಉಗುಳುತ್ತದೆ, ಮತ್ತೆ ಹೀರುತ್ತದೆ. ಆ ಹೀರು-ಉಗುಳಿನ ನಡುವೆ ಬೆಂಡು ಒಮ್ಮೆ ತಲೆ ಬಗ್ಗಿಸುತ್ತದೆ, ಒಮ್ಮೆ ಮಲಗುತ್ತದೆ, ಒಮ್ಮೆ ಏನೂ ಆಗದವರ ಹಾಗೆ ನಿಲ್ಲುತ್ತದೆ. ಹೊಸಬರು ಇಲ್ಲೇ ಎಳೆದು ಕೆಡಿಸುವುದು. ನಾನಂತೂ ಈ ಹೊತ್ತಿಗಾಗಿಯೇ ಕೆರೆಗೆ ಹೋಗುವವನು. ಇನ್ನೊಂದು ವಿಷಯ, ಗೆಂಡೆಗೆ ಕಿವಿ ಚುರುಕು. ಗಾಳಿಚೀಲ ಮತ್ತು ಒಳಗಿವಿಯ ನಡುವೆ ಸಣ್ಣ ಮೂಳೆಗಳ ಒಂದು ಸರಪಳಿ ಇದೆ. ನೀರಿನ ಸಣ್ಣ ಕಂಪನವೂ ಅದರ ಮೂಲಕ ಕಿವಿ ಮುಟ್ಟುತ್ತದೆ. ಗೆಳೆಯ ದಡದಲ್ಲಿ ದಪದಪ ನಡೆದಾಗೆಲ್ಲ ನಾನು ಹಲ್ಲು ಕಚ್ಚುತ್ತಿದ್ದೆ.

ಹತ್ತು ಗಂಟೆಯ ಹೊತ್ತಿಗೆ ಸಿಕ್ಕಿತು. ಎರಡು ಕಿಲೋ ಇರಬಹುದು, ತೂಗಲಿಲ್ಲ. ಆಟದ ನಿಯಮವೇ ಹಾಗಿತ್ತಲ್ಲ. ಫೋಟೋ ತೆಗೆದು ಬಿಟ್ಟೆವು. "ಮೂರು" ಅಂದ ಗೆಳೆಯ. ಅಷ್ಟೇ. ಬೇರೆ ದಿನವಾಗಿದ್ದರೆ ಆ ಒಂದು ಗೆಂಡೆಯನ್ನು ನಾನು ವಾರವಿಡೀ ನೆನೆಸಿಕೊಂಡಿರುತ್ತಿದ್ದೆ. ಬೆಂಡು ಹೇಗೆ ಬಗ್ಗಿತು, ಎಷ್ಟನೇ ಸಲಕ್ಕೆ ಎಳೆದೆ, ಯಾವ ಕಡೆಗೆ ಓಡಿತು. ಅವತ್ತು ಅದು ಮೂರು ಅನ್ನುವ ಅಂಕಿಯಾಯಿತು. ಇನ್ನೊಂದು ಗೆಂಡೆ ಸಿಕ್ಕಿದರೆ ಪ್ರಯೋಜನವೇ ಇಲ್ಲ! ಗುಳ್ಳೆಯ ಸಾಲು ಎದುರಿಗೇ ನಡೆಯುತ್ತಿತ್ತು. ನಾವು ಗಂಟುಮೂಟೆ ಕಟ್ಟಿ ಬೇರೆ ದಡಕ್ಕೆ ಹೊರಟೆವು. ನಡೆಯುತ್ತಾ ನಾನು ಎರಡು ಸಲ ಹಿಂದೆ ತಿರುಗಿ ನೋಡಿದೆ.

ಮಧ್ಯಾಹ್ನ

ಮಧ್ಯಾಹ್ನ ಹನ್ನೆರಡರಿಂದ ಮೂರೂವರೆ ತನಕ ಏನೂ ಆಗಲಿಲ್ಲ. ಬಿಸಿಲಿಗೆ ಮೇಲಿನ ನೀರು ಕಾದು ಹಗುರವಾಗುತ್ತದೆ, ಕೆಳಗಿನ ತಣ್ಣೀರಿನ ಮೇಲೆ ಕೂರುತ್ತದೆ. ಎರಡೂ ಬೆರೆಯುವುದಿಲ್ಲ. ಈಜುವಾಗ ಕಾಲು ಕೆಳಗೆ ಬಿಟ್ಟರೆ ಪಾದಕ್ಕೆ ಥಟ್ಟನೆ ತಣ್ಣಗೆ ತಾಗುತ್ತದಲ್ಲ, ಆ ಗೆರೆ. ಬೆರೆಯದ ಕಾರಣ ಆಳದ ನೀರಿಗೆ ಹೊಸ ಆಮ್ಲಜನಕ ಇಳಿಯುವುದಿಲ್ಲ. ಕೆಳಗೆ ತಂಪಿದೆ, ಉಸಿರಿಲ್ಲ. ಮೇಲೆ ಉಸಿರಿದೆ, ಸುಡುಬಿಸಿಲು. ಮೀನು ನಡುವೆ ಎಲ್ಲೋ, ಇಲ್ಲವೇ ನೆರಳಲ್ಲಿ, ಕಳೆಯ ಬುಡದಲ್ಲಿ ಸುಮ್ಮನೆ ನಿಂತಿರುತ್ತದೆ. ಉಂಡೆಯನ್ನು ಹನ್ನೆರಡು ಅಡಿಯ ತಳಕ್ಕೆ ಬಿಟ್ಟು ಕಾಯುವುದು ಅಂದರೆ ಜನ ಖಾಲಿ ಮಾಡಿದ ಮನೆಯ ಬಾಗಿಲು ಬಡಿದ ಹಾಗೆ. ನಾನು ಎಷ್ಟು ಮಧ್ಯಾಹ್ನ ಬಡಿದಿದ್ದೇನೆ ಅಂತ ನೋಟ್‌ಬುಕ್ ಹೇಳುತ್ತದೆ.

ಅಲ್ಲೇ ನೆರಳಲ್ಲಿ ಕೂತು ಗೆಳೆಯ ಒಂದು ಕತೆ ಹೇಳಿದ. ಖಗೋಳ ವಿಜ್ಞಾನಿ ಆರ್ಥರ್ ಎಡಿಂಗ್ಟನ್ 1939ರಲ್ಲಿ ಬರೆದದ್ದು. ಒಬ್ಬ ಸಮುದ್ರದ ಜೀವಿಗಳ ಬಗ್ಗೆ ಅಧ್ಯಯನ ಮಾಡಲು ಬಲೆ ಬೀಸುತ್ತಾನೆ. ಬಲೆಯ ಕಣ್ಣು ಎರಡು ಇಂಚಿನದು. ಬಂದದ್ದನ್ನೆಲ್ಲ ಅಳೆದು, ಸಮುದ್ರದಲ್ಲಿ ಎರಡು ಇಂಚಿಗಿಂತ ಸಣ್ಣ ಜೀವಿಯೇ ಇಲ್ಲ ಅಂತ ತೀರ್ಮಾನಿಸುತ್ತಾನೆ. ನೋಡುತ್ತಾ ನಿಂತವನೊಬ್ಬ, ಸಣ್ಣವು ಬೇಕಾದಷ್ಟಿವೆ, ನಿನ್ನ ಬಲೆಗೆ ಬೀಳುವುದಿಲ್ಲ ಅಷ್ಟೇ ಅನ್ನುತ್ತಾನೆ. ಬಲೆ ಬೀಸಿದವನು ಜಗ್ಗುವುದಿಲ್ಲ. ನನ್ನ ಬಲೆಗೆ ಬೀಳದ್ದು ಮೀನೇ ಅಲ್ಲ ಅಂತ ಅವನ ವಾದ. ನನಗೆ ನಗು ಬಂತು. ಬೆಳಿಗ್ಗೆ ಅಂಗೈಯಲ್ಲಿ ಹಿಡಿದ ಪಕ್ಕೆ ನೆನಪಾಯಿತು. ಸುಮ್ಮನಿದ್ದೆ. ಗೆಳೆಯನಿಗೆ ಗೆಲುವಿನ ಖುಷಿ ಅಷ್ಟು ಸುಲಭಕ್ಕೆ ಕೊಡಬಾರದು, ಅಲ್ವಾ?

ನಾಲ್ಕರ ಹೊತ್ತಿಗೆ ಮೋಡ ಕವಿಯಿತು. ದಡದ ಮರದ ಬೇರು ನೀರಿಗಿಳಿದ ಕಡೆ, ಕತ್ತಲೆಯಂಥ ನೆರಳಿನಲ್ಲಿ ಎರೆಹುಳು ಇಳಿಬಿಟ್ಟೆವು. ಚೇಳು ಮೀನು ಬಂತು. ಹೆಸರೇ ಹೇಳುತ್ತದೆ, ಪಕ್ಕದ ರೆಕ್ಕೆಯಲ್ಲಿ ವಿಷದ ಮುಳ್ಳು. ಅದು ರಾತ್ರಿ ತಿರುಗುವ ಮೀನು. ಮೋಡದ ದಿನ ಬೇಗ ಎದ್ದಿತ್ತು ಅಂತ ಕಾಣುತ್ತದೆ. ಗಾಳ ಬಿಡಿಸುವಾಗ ಅದು ಮೈ ತಿರುಚಿ ನನ್ನ ಹೆಬ್ಬೆರಳಿಗೆ ಮುಟ್ಟಿಸಿಯೇ ಬಿಟ್ಟಿತು. ಮೊಣಕೈ ತನಕ ಉರಿ. ಇಂಥ ಚುಚ್ಚಿಗೆ ಸಹಿಸುವಷ್ಟು ಬಿಸಿ ನೀರಿನಲ್ಲಿ ಕೈ ಇಡುವುದು ಮದ್ದು. ಕೆರೆಯ ದಡದಲ್ಲಿ ಬಿಸಿ ನೀರು ಎಲ್ಲಿಂದ ತರೋದು? ಗೆಳೆಯ ಫೋಟೋ ತೆಗೆದು "ನಾಲ್ಕು" ಅಂದ. ನಾನೂ ಹಲ್ಲು ಕಿರಿದು "ನಾಲ್ಕು" ಅಂದೆ. ಹೆಬ್ಬೆರಳು ಬಾತು ನಿಂತಿದ್ದರೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ ಯೋಚನೆ, ಬೆಳಕು ಇನ್ನು ಎಷ್ಟು ಹೊತ್ತು ಇದೆ?

ಮಳೆ ಇಲ್ಲದ ಕಡೆ ತುಂತುರು

ಈಗ ಆ ಪ್ರಶ್ನೆ ಚಿಹ್ನೆಗೆ ಬರುತ್ತೇನೆ. ಕೆರೆಯ ಹಿಂಭಾಗದಲ್ಲಿ ನೀರು ತೆಳ್ಳಗಾಗಿ, ಜೊಂಡು, ತಾವರೆ ಎಲೆ ಹಬ್ಬಿದ ಜಾಗ. ಗಾಳಿ ಪೂರ್ತಿ ನಿಂತಿತ್ತು. ಎಲೆಗಳ ನಡುವೆ ಒಂದು ಚಾಪೆಯಗಲದ ಜಾಗದಲ್ಲಿ ಮಾತ್ರ ನೀರು ಕುಣಿಯುತ್ತಿತ್ತು, ಅಲ್ಲಷ್ಟೇ ತುಂತುರು ಮಳೆ ಬಿದ್ದ ಹಾಗೆ. ತಲೆ ಎತ್ತಿ ನೋಡಿದೆ. ಮಳೆ ಇಲ್ಲ. ಬಗ್ಗಿ ನೋಡಿದರೆ ನೀರೊಳಗೆ ಕೆಂಪು. ಕಿತ್ತಳೆ ಬೆರೆತ ಕೆಂಪು. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ನೂರಾರು ಮರಿಗಳು ಒಂದು ಚೆಂಡಿನ ಹಾಗೆ ಒತ್ತಾಗಿ, ಉರುಳುತ್ತಾ, ಒಂದೊಂದಾಗಿ ಮೇಲೆ ಬಂದು ಗಾಳಿ ಗುಟುಕರಿಸಿ ಮತ್ತೆ ಗುಂಪಿಗೆ ಇಳಿಯುತ್ತಿದ್ದವು. ಕೊರವನ ಮರಿ. ಮರಲ್ ಅಂತಲೂ ಕರೆಯುತ್ತಾರಲ್ಲ, ಹಾವಿನ ತಲೆಯ ಆ ಮೀನು. ಕಿವಿರು ಇದ್ದರೂ ಅದಕ್ಕೆ ಸಾಲದು. ತಲೆಯೊಳಗೆ ಗಾಳಿ ಹಿಡಿಯುವ ಒಂದು ಗೂಡಿದೆ. ಮೇಲೆ ಬರಲು ಬಿಡದೆ ತಡೆದರೆ ನೀರಲ್ಲಿರುವ ಮೀನೇ ಉಸಿರುಕಟ್ಟಿ ಸಾಯುತ್ತದೆ. ಮರಿಗಳು ಆ ಪಾಠ ಈಗಷ್ಟೇ ಕಲಿಯುತ್ತಿದ್ದವು.

ಮರಿ ಇದ್ದ ಕಡೆ ಕೆಳಗೆ ದೊಡ್ಡದು ಇದ್ದೇ ಇರುತ್ತದೆ. ಕೊರವ ಮೊಟ್ಟೆ ಇಟ್ಟು ಹೋಗುವ ಮೀನಲ್ಲ, ಕಾಯುತ್ತದೆ. ಗೆಳೆಯ ಪಿಸುಗುಟ್ಟಿದ: "ಮರಿ ಮೇಲಿಂದ ಕಪ್ಪೆ ಎಳಿ. ಹಸಿವಿಗಲ್ಲ, ಸಿಟ್ಟಿಗೆ ಕಚ್ಚುತ್ತೆ. ತಪ್ಪೋದೇ ಇಲ್ಲ." ಕಪ್ಪೆ ಅಂದರೆ ರಬ್ಬರಿನ ಕಪ್ಪೆ, ಕಳೆಗೆ ಸಿಕ್ಕಿಕೊಳ್ಳದ ಹಾಗೆ ಗಾಳವನ್ನು ಬೆನ್ನಿಗೆ ಒರಗಿಸಿಕೊಂಡಿರುತ್ತದೆ. ಅವನ ಕೈಯಲ್ಲಿ ರಾಡ್ ಇತ್ತು. ಅದನ್ನು ನನಗೆ ಕೊಟ್ಟ. ಬೆರಳು ಊದಿದವನಿಗೆ ಸಮಾಧಾನ ಅಂತಲೋ ಏನೋ. ನಾನು ಮಂಡಿಯೂರಿದೆ. ನೀರೊಳಗಿಂದ ಮೇಲೆ ನೋಡುವ ಮೀನಿಗೆ ಹೊರಗಿನ ಇಡೀ ಲೋಕ ತಲೆಯ ಮೇಲಿನ ಒಂದು ದುಂಡು ಕಿಂಡಿಯಲ್ಲಿ, ಸುಮಾರು 97 ಡಿಗ್ರಿ ಅಗಲದಲ್ಲಿ ಮುದುಡಿ ಕಾಣುತ್ತದೆ. ಅದರಾಚೆ ನೀರಿನ ಮೈ ಬರೀ ಕನ್ನಡಿ. ತಗ್ಗಿ ಕೂತರೆ ನಾವು ಆ ಕಿಂಡಿಯ ಅಂಚಿನಲ್ಲಿ ತೆಳ್ಳಗೆ ಒತ್ತಿ ಹೋಗುತ್ತೇವೆ. ಇದೆಲ್ಲ ಗೊತ್ತಿತ್ತು ನನಗೆ. ಮೀನಿಗೆ ಕಾಣಿಸಿಕೊಳ್ಳದಿರುವುದು ಹೇಗೆ ಅಂತ ಯೋಚಿಸುವಷ್ಟು ಹೊತ್ತು ಇತ್ತು. ಎಸೆಯಬೇಕೇ ಅಂತ ಯೋಚಿಸಲು ಇರಲಿಲ್ಲ. ಹಾಗಂತ ಹೇಳಿಕೊಂಡಿದ್ದೇನೆ. ಬರೆಯುತ್ತಾ ನೋಡಿದರೆ ಅದೂ ಸುಳ್ಳೇ. ಯೋಚನೆ ಬಂದಿತ್ತು. ಅದರ ಪಕ್ಕದಲ್ಲಿ 'ಐದು' ನಿಂತಿತ್ತು.

ಮೊದಲ ಸಲ ಕಪ್ಪೆ ಮರಿಗಳ ಮೇಲೆ ಹಾದಾಗ ಕೊರವ ಬಾಯಿ ಹಾಕಲಿಲ್ಲ. ತಲೆಯಿಂದ ಗುದ್ದಿತು. ಕಪ್ಪೆ ಒಂದು ಗೇಣು ಮೇಲೆ ಹಾರಿ ಬಿತ್ತು. ಓಡಿಸುವುದಷ್ಟೇ ಅದಕ್ಕೆ ಬೇಕಿತ್ತು. ಇಲ್ಲಿಗೆ ನಿಲ್ಲಿಸಬಹುದಿತ್ತು. ಎರಡನೇ ಸಲ ಎಳೆದೆ. ನೀರು ಒಡೆದ ಸದ್ದು ಕೇಳಿತು, ದಾರ ಜೊಂಡಿನೊಳಗೆ ನುಗ್ಗಿತು. ಅದನ್ನು ಬಿಡಿಸಿ ದಡಕ್ಕೆ ತರಲು ಐದಾರು ನಿಮಿಷ. ಕಪ್ಪು ಬೆನ್ನು, ಹೊಟ್ಟೆಯ ಪಕ್ಕ ಮಾಸಿದ ಪಟ್ಟೆ, ಮೊಳಕ್ಕಿಂತ ಉದ್ದ. ಕೈ ನೆನೆಸಿಕೊಂಡು ಹಿಡಿದೆ. ಬೆಳಗಿನ ಪಾಠ! ಗಾಳ ತುಟಿಯ ಅಂಚಿನಲ್ಲೇ ಇತ್ತು, ಸಲೀಸಾಗಿ ಬಂತು. ಎಲ್ಲ ಕ್ರಮವಾಗಿಯೇ ಮಾಡಿದೆವು. ಗೆಳೆಯ ಫೋಟೋ ಸರಿ ಬಂದಿಲ್ಲ ಅಂತ ಇನ್ನೊಂದು ತೆಗೆದ. ಆಗ ಹಿಂದಿನಿಂದ ಚಟಪಟ ಸದ್ದು ಕೇಳಿಸಿತು.

ತಿರುಗಿ ನೋಡಿದರೆ ಮರಿಗಳಿದ್ದ ಜಾಗ ಕುದಿಯುತ್ತಿತ್ತು. ಪಕ್ಕೆ, ಅದರ ಹಿಂದೆ ಜಿಲೇಬಿ. ಬೆಳಿಗ್ಗೆ ನಾನು ಅಂಗೈಯಲ್ಲಿಟ್ಟು ಮೆಚ್ಚಿಕೊಂಡ ಅದೇ ಬೆಳ್ಳಿ ಮೈ ನೀರಿನ ಮೇಲೆ ಮಿಂಚಿ ಮಿಂಚಿ ಒಳಗೆ ಹೋಗುತ್ತಿತ್ತು. ಕೆಂಪು ಚೆಂಡು ಒಡೆದು ಎಳೆಎಳೆಯಾಗಿ ಎಲೆಗಳ ಕೆಳಗೆ ಹರಡಿತ್ತು. ಕೊರವನನ್ನು ಅವಸರದಲ್ಲಿ ನೀರಿಗೆ ಬಿಟ್ಟೆ. ಅದು ದಡದ ಕೆಸರಿನಲ್ಲಿ ಸ್ವಲ್ಪ ಹೊತ್ತು ಕಿವಿರು ಆಡಿಸುತ್ತಾ ನಿಂತು, ಆಮೇಲೆ ಆಳದ ಕಡೆಗೆ ಹೋಯಿತು. ಮರಿಗಳ ಕಡೆಗಲ್ಲ. "ಸುತ್ತು ಹಾಕ್ಕೊಂಡು ಬರುತ್ತೆ ಬಿಡು" ಅಂದ ಗೆಳೆಯ. ಆಮೇಲೆ, ಸ್ವಲ್ಪ ತಡೆದು, "ಐದು" ಅಂದ.

ವಾದ

ಗೆಳೆಯನ ವಾದ ಗಟ್ಟಿಯದ್ದೇ. ನೂರಾರು ಮರಿಗಳಲ್ಲಿ ದೊಡ್ಡದಾಗುವುದು ಬೆರಳೆಣಿಕೆಯಷ್ಟು, ಹೇಗೂ ಸಾಯುವ ಮರಿಗಳು ಅವು. ಕೊಕ್ಕರೆ ಬಂದಿದ್ದರೂ ಅಷ್ಟೇ ಆಗುತ್ತಿತ್ತು. ನೀನು ಗೆಂಡೆ ಹಿಡಿದಾಗ ಅದರ ಹೊಟ್ಟೆಯಲ್ಲಿ ಲಕ್ಷ ಮೊಟ್ಟೆ ಇತ್ತೋ ಇಲ್ಲವೋ ನೋಡಿದ್ದೀಯಾ? ನೋಡಿಲ್ಲ. ಇದಕ್ಕೆ ನನ್ನ ಹತ್ತಿರ ನೇರ ಉತ್ತರ ಇಲ್ಲ. ನೋವಿನ ಮಾತು ತೆಗೆದರೆ ಅವನು ಇನ್ನೂ ಗೆಲ್ಲುತ್ತಾನೆ, ಏಕೆಂದರೆ ನೋವು ಎಲ್ಲ ಮೀನಿಗೂ ಒಂದೇ. 2003ರಲ್ಲಿ ಲಿನ್ ಸ್ನೆಡನ್ ಮತ್ತು ಜೊತೆಯವರು ಟ್ರೌಟ್ ಮೀನಿನ ತುಟಿಗೆ ಜೇನುನೊಣದ ವಿಷ, ಹುಳಿ ಆಮ್ಲ ಚುಚ್ಚಿ ನೋಡಿದ್ದರು. ಮೀನುಗಳು ಮೈ ತೂಗಿದವು, ಆಮ್ಲ ಚುಚ್ಚಿದವು ತುಟಿಯನ್ನು ತಳದ ಕಲ್ಲಿಗೆ ಉಜ್ಜಿದವು. ಅದು ನೋವೇ ಅಲ್ಲವೇ ಅನ್ನುವ ಜಗಳ ವಿಜ್ಞಾನಿಗಳ ನಡುವೆ ಇನ್ನೂ ಮುಗಿದಿಲ್ಲ. ಕಲ್ಲಿಗೆ ತುಟಿ ಉಜ್ಜಿದ್ದು ಓದಿದ ಮೇಲೆ ನನ್ನ ಮಟ್ಟಿಗೆ ಮುಗಿದಿದೆ. ಆದರೂ ಗಾಳ ಹಾಕುತ್ತೇನೆ. ಈ ವಿಷಯದಲ್ಲಿ ನಾನು ಯಾರಿಗೂ ಬುದ್ಧಿ ಹೇಳುವ ಜಾಗದಲ್ಲಿಲ್ಲ.

ಕೊರವನ ವಿಷಯ ಬೇರೆ ಅನ್ನಿಸುತ್ತದೆ. ಉಳಿದ ನಾಲ್ಕೂ ತಿನ್ನಲು ಬಂದಿದ್ದವು. ಮೋಸ ನನ್ನದೇ ಆದರೂ ಬಾಯಿ ಹಾಕಿದ್ದು ಅವುಗಳ ಹಸಿವು. ಇದು ತಿನ್ನಲು ಬಂದಿರಲಿಲ್ಲ. ಇದನ್ನು ಹಿಡಿಯಲು ನಾನು ಬಳಸಿದ್ದು ಅದರ ಕಾವಲನ್ನು. ಉತ್ತರ ಅಮೆರಿಕದ ಬಾಸ್ ಮೀನಿನ ಗಂಡು ಹೀಗೇ ಗೂಡು ಕಾಯುತ್ತದೆ. ಅದನ್ನು ಹಿಡಿದು ಬಿಟ್ಟರೆ ಏನಾಗುತ್ತದೆ ಅಂತ ಅಲ್ಲಿ ಚೆನ್ನಾಗಿ ನೋಡಿದ್ದಾರೆ. ಗಂಡು ಇಲ್ಲದ ಆ ಕೆಲವೇ ನಿಮಿಷದಲ್ಲಿ ಸಣ್ಣ ಮೀನುಗಳು ಗೂಡಿಗೆ ನುಗ್ಗುತ್ತವೆ. ಹಾನಿ ಜಾಸ್ತಿಯಾದರೆ, ವಾಪಸ್ ಬಂದ ಗಂಡೂ ಕೆಲವೊಮ್ಮೆ ಗೂಡು ಬಿಟ್ಟು ಹೋಗುತ್ತದೆ. ಹಿಡಿದು ಬಿಟ್ಟೆವು, ಲೆಕ್ಕ ಚುಕ್ತಾ ಅಂತ ನಾವು ಅಂದುಕೊಳ್ಳುತ್ತೇವೆ. ಒಂದು ಮೀನಿನ ಲೆಕ್ಕ ಮಾತ್ರ ಚುಕ್ತಾ ಆಗಿರುತ್ತದೆ.

ಇದಕ್ಕಿಂತ ಹೆಚ್ಚು ಕಾಡುವುದು ಇನ್ನೊಂದಿದೆ. ಬಗೆ ಎಣಿಸುವ ಆಟ ನನ್ನನ್ನು ದೊಡ್ಡ ಮನಸ್ಸಿನವನನ್ನಾಗಿ ಮಾಡಿತ್ತು. ಗೆಂಡೆ ಬಿಟ್ಟು ಬೇರೆ ಏನನ್ನೂ ನೋಡದವನಿಗೆ ಪಕ್ಕೆಯ ಹುರುಪೆಯ ಅಂಚು ತೋರಿಸಿತು, ಜಿಲೇಬಿಯ ಗುಂಡಿ ತೋರಿಸಿತು. ಅದೇ ಆಟ ಸಂಜೆ ಹೊತ್ತಿಗೆ ನನ್ನ ಕೈಯಲ್ಲಿ ಕಪ್ಪೆ ಎಳೆಸಿತು. ಗೆಂಡೆ ಹಿಡಿಯಲು ಬಂದ ದಿನ ಆ ಕೆಂಪು ಚೆಂಡು ಕಂಡಿದ್ದರೆ ನಾನು ಕೂತು ನೋಡಿರುತ್ತಿದ್ದೆ. ನಿಜ ಹೇಳಬೇಕೆಂದರೆ, ಗೆಂಡೆ ಹಿಡಿಯಲು ಬಂದ ದಿನ ಅದು ಕಾಣುತ್ತಲೇ ಇರಲಿಲ್ಲ. ನಾನು ಆ ಕಡೆ ಹೋಗುತ್ತಲೇ ಇರಲಿಲ್ಲ. ಹಾಗಾದರೆ ಯಾವುದು ವಾಸಿ? ಕಾಣದೆ ಇರುವುದೋ, ಕಂಡು ಕೈ ಹಾಕುವುದೋ? ಕಂಡು ಸುಮ್ಮನಿರುವುದು ಅನ್ನುವ ಮೂರನೆಯದು ಇದೆ, ಗೊತ್ತು. ಮಂಡಿಯೂರಿ ಕೂತಾಗ ಅದು ಇರಲಿಲ್ಲ. ಮನೆಗೆ ಬಂದು ಬೆರಳನ್ನು ಬಿಸಿ ನೀರಿಗೆ ಅದ್ದಿದ ಮೇಲೆ ಬಂತು.

ಮುಂದಿನ ವಾರ ನಾನೊಬ್ಬನೇ ಹೋದೆ. ನನ್ನ ಕಲ್ಲು, ನನ್ನ 6ನೇ ನಂಬರ್, ನನ್ನ ಬೆಂಡು. ಗುಳ್ಳೆಯ ಸಾಲು ಎಲ್ಲೂ ಇಲ್ಲ. ಬೆಂಡಿನ ತುದಿಗೆ ಒಂದು ಏರೋಪ್ಲೇನ್ ಚಿಟ್ಟೆ ಬಂದು ಕೂತು, ಎದ್ದು, ಮತ್ತೆ ಕೂತಿತು. ಹನ್ನೊಂದು ಗಂಟೆಗೆ ನೋಟ್‌ಬುಕ್ ತೆಗೆದು ತಾರೀಕು ಹಾಕಿ, ಅಭ್ಯಾಸಬಲದಿಂದ 'ಏ' ಅಂತ ಬರೆದುಬಿಟ್ಟಿದ್ದೆ. ಹೊಡೆದು 'ಗೆಂಡೆ ಇಲ್ಲ' ಅಂತ ಬರೆದೆ. ಆ ಪುಟ ಈಗಲೂ ಸ್ವಲ್ಪ ಗಲೀಜಾಗಿದೆ.

ಆಮೇಲೆ ರಾಡನ್ನು ಕಲ್ಲಿನ ಹತ್ತಿರವೇ ಬಿಟ್ಟು ಹಿಂದಿನ ದಡಕ್ಕೆ ನಡೆದೆ. ತಾವರೆ ಎಲೆಗಳ ನಡುವೆ ಬಹಳ ಹೊತ್ತು ನೀರು ನಿಶ್ಚಲವಾಗಿತ್ತು. ಎಡಗಡೆ, ಜೊಂಡಿನ ಬುಡದಲ್ಲಿ, ಒಂದು ತಟ್ಟೆಯಗಲಕ್ಕೆ ತುಂತುರು ಬಿದ್ದ ಹಾಗಾಯಿತು. ಕೆಂಪು ಇತ್ತು. ಎಣಿಸಲು ಶುರು ಮಾಡಿದೆ, ಮೂವತ್ತರ ಆಸುಪಾಸಿನಲ್ಲಿ ತಪ್ಪಿತು. ಅದೇ ಮರಿಗಳೋ, ಬೇರೆ ಗೂಡಿನವೋ. ಕೆಳಗೆ ಕಪ್ಪಗೆ ಏನೋ ಸರಿದ ಹಾಗೆ ಕಂಡಿತು, ಜೊಂಡಿನ ನೆರಳೂ ಇರಬಹುದು. ಇನ್ನೂ ಹತ್ತಿರದಿಂದ ನೋಡೋಣ ಅಂತ ಒಂದು ಹೆಜ್ಜೆ ಮುಂದಿಟ್ಟೆ. ಎಲ್ಲವೂ ಒಟ್ಟಿಗೆ ಕೆಳಗಿಳಿದವು.